ಗೋಡೆಯಾಚೆಯ ನರಳಾಟ

ಪಾಳುಬಿದ್ದ ಜೈಲಿನಲ್ಲಿ ದೆವ್ವದ ದನಿ ಹಿಡಿಯಲು ರಾತ್ರಿಯೆಲ್ಲ ಯಂತ್ರವಿಟ್ಟು ಕೂರುವವರಿದ್ದಾರಂತೆ. ನಮ್ಮ ಕೂಡ್ಲಿಗಿಯ ಹುಡುಗಿಯರಿಗೆ ಇಂಥ ಸುದ್ದಿಯೆಂದರೆ ಊಟ-ನಿದ್ದೆ ಬೇಡ. ನನಗೆ ನೆನಪಾಗುವುದು ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು. ಈಗದು ಫ್ರೀಡಂ ಪಾರ್ಕ್. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ‘ಸಂಸ್ಕಾರ’ ಚಿತ್ರದ ಚಂದ್ರಿ ಸ್ನೇಹಲತಾ ರೆಡ್ಡಿಯವರನ್ನು ವಿಚಾರಣೆಯಿಲ್ಲದೆ ಅಲ್ಲಿ ಕೂಡಿಹಾಕಿದ್ದರು. ಉಬ್ಬಸದ ಜೀವ. ರಾತ್ರಿ ಅವರು ಚೀರುವುದು ಅದೇ ಜೈಲಿನಲ್ಲಿದ್ದ ಮಧು ದಂಡವತೆಯವರಿಗೆ ಕೇಳಿಸುತ್ತಿತ್ತು. ಅವರೂ ಕೈದಿ, ಏನು ಮಾಡಿಯಾರು? ಬೀಗದ ಕೈ ಇದ್ದವರಿಗೆ ಕೇಳಿಸಲಿಲ್ಲವೇ? ಕೇಳಿಸಿಯೂ ಸುಮ್ಮನಿರುವುದು ನಮಗೇನು ಹೊಸತಲ್ಲ ಬಿಡಿ. ಪಕ್ಕದ ಮನೆಯ ಸೊಸೆ ನಡುರಾತ್ರಿ ಅತ್ತರೆ ‘ಅವರ ಮನೆ ವಿಷಯ’ ಎಂದು ಕಿಟಕಿ ಮುಚ್ಚುತ್ತೇವೆ. ಸತ್ತವರ ದನಿಗೆ ಮಾತ್ರ ಇಷ್ಟು ಕುತೂಹಲವೇಕೆ? ಅದಕ್ಕೆ ನಾವೇನೂ ಮಾಡಬೇಕಿಲ್ಲವೆಂದೇ? ಸ್ನೇಹಲತಾ ಅವರನ್ನು 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಕೆಲವೇ ದಿನಗಳಲ್ಲಿ ತೀರಿಕೊಂಡರು.