ಕೆರೆ ಏರಿಯ ಮೇಲೆ ಯಾರಿಗೆ ಜಾಗ?

ನಮ್ಮ ಕಡೆ ಹಕ್ಕಿ ನೋಡಲು ಹೊರಡುವ ಗುಂಪುಗಳು ಸಾಮಾನ್ಯವಾಗಿ ಬೆಳಿಗ್ಗೆ ಆರಕ್ಕೇ ಸೇರುತ್ತವೆ. ಹಕ್ಕಿಗಳು ಚುರುಕಾಗಿರುವ ಹೊತ್ತು ಅದು, ಸರಿ. ಆದರೆ ಅರಕಲಗೂಡಿನ ಒಳಹಳ್ಳಿಯಿಂದ ಗೊರೂರಿನ ಹಿನ್ನೀರಿಗೆ ಆರು ಗಂಟೆಗೆ ಯಾರು ಬಂದಾರು? ಬೈಕೋ ಕಾರೋ ಇದ್ದವರು ಬರುತ್ತಾರೆ. ಹಾಲು ಕರೆದು ಡೇರಿಗೆ ಹಾಕಬೇಕಾದ ಹೆಣ್ಣುಮಗಳು, ಮೊದಲ ಬಸ್ಸಿಗೆ ಕಾದು ನಿಂತ ಕಾಲೇಜು ಹುಡುಗ ಬರಲಾರರು. ಅವರನ್ನು ಬೇಡವೆಂದವರು ಯಾರೂ ಇಲ್ಲ; ಆದರೂ ಅವರು ಬರುವುದಿಲ್ಲ.

ಚನ್ನರಾಯಪಟ್ಟಣದ ಅಮಾನಿಕೆರೆ ಊರಿಗೆ ಅಂಟಿಕೊಂಡೇ ಇದೆ. ಹೊಳೆನರಸೀಪುರದಲ್ಲಿ ಹೇಮಾವತಿ, ರಾಮನಾಥಪುರದಲ್ಲಿ ಕಾವೇರಿ ಊರ ಮಗ್ಗುಲಲ್ಲೇ ಹರಿಯುತ್ತವೆ. ಇಂಥ ಕಡೆ ಎಂಟೂವರೆಗೆ ಸೇರಿದರೂ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತಿರುತ್ತದೆ, ಗುಳುಮುಳುಕ ಮುಳುಗಿ ಏಳುತ್ತಿರುತ್ತದೆ. ಅಪರೂಪದ್ದೊಂದು ತಪ್ಪಿಹೋದರೆ ಹೋಗಲಿ, ಬಸ್ಸಿಳಿದು ನಡೆದು ಬಂದವರು ನಾಲ್ಕು ಜನ ಜೊತೆಗಿರುತ್ತಾರಲ್ಲ.

ಬಂದಮೇಲೆ ಇನ್ನೊಂದು ಕಷ್ಟವಿದೆ. ಹೊಸಬರೊಬ್ಬರು ಆಕಾಶ ನೋಡಿ 'ಗರುಡ' ಎಂದು ಕೈಮುಗಿದರೆ, ಮೂರು ದನಿಗಳು ಒಟ್ಟಿಗೇ 'ಅಲ್ಲಲ್ಲ, ಅದು ಹದ್ದು' ಎನ್ನುತ್ತವೆ. ಹೇಳಿದ್ದು ನಿಜವೇ ಇರಬಹುದು, ಆದರೆ ಆ ಮನುಷ್ಯ ಆಮೇಲೆ ಬಾಯಿ ತೆರೆಯುವುದಿಲ್ಲ. ಬಾಲದ ತುದಿ ಹೇಗೆ ಕಂಡಿತು ಎಂದು ಕೇಳಬಹುದಿತ್ತು. ಹದ್ದಿನ ಬಾಲ ಕವಲೊಡೆದಿರುತ್ತದೆ, ಗರುಡನದು ದುಂಡಗೆ. ಅಷ್ಟು ಕೇಳಿದರೆ ಅವರೇ ಇನ್ನೊಮ್ಮೆ ತಲೆಯೆತ್ತಿ ನೋಡಿ ತಿದ್ದಿಕೊಳ್ಳುತ್ತಾರೆ. ಕೈಮುಗಿದದ್ದಕ್ಕೆ ಮುಸಿಮುಸಿ ನಗುವುದಂತೂ ಕೂಡದು. ಪಕ್ಕದ ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ಬರೆದು, ಇಂಗ್ಲಿಷ್ ಬಾರದ ಎಷ್ಟೋ ಜನರನ್ನು ಈ ಹವ್ಯಾಸದೊಳಕ್ಕೆ ಕರೆದುಕೊಂಡರು. ಹಾಗೆ ಒಳಗೆ ಬಂದವರನ್ನು ನಾವು ಬಾಯಿ ಮುಚ್ಚಿಸಿ ಕಳಿಸಬಾರದು.

ನನ್ನನ್ನು ಹೆಚ್ಚು ಕಾಡುವುದು ನಾವು ಕರೆಯಲೇ ಇಲ್ಲದವರ ವಿಷಯ. ನಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನರಿದ್ದಾರೆ. ಹಕ್ಕಿ ಹಿಡಿಯುವುದು ಅವರ ಹಿಂದಿನ ಕಸುಬು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಅಪರಾಧವಾಗಿಸಿತು. ಕಾಯ್ದೆ ಬೇಕೇ ಬೇಕಿತ್ತು. ಆದರೆ ಬಲೆಯ ಜೊತೆಗೆ ಬಲೆ ಹಿಡಿದವರ ಅರಿವನ್ನೂ ಮೂಲೆಗೆ ತಳ್ಳಿದೆವು. ಗೌಜಲಕ್ಕಿ ಯಾವ ಪೊದೆಯಿಂದ ಯಾವ ಹೊತ್ತಿಗೆ ಹೊರಬರುತ್ತದೆ, ಹೇಗೆ ಕೂಗಿದರೆ ಮಾರುತ್ತರ ಕೊಡುತ್ತದೆ ಎಂಬುದೆಲ್ಲ ಅವರಿಗೆ ತಲೆಮಾರುಗಳಿಂದ ಬಂದ ತಿಳಿವಳಿಕೆ. ಈಗ ಅವರಲ್ಲಿ ಅನೇಕರು ಗಿಡಮೂಲಿಕೆ, ತಲೆಗೂದಲ ಎಣ್ಣೆ ಮಾರುತ್ತ ಆಫ್ರಿಕಾದವರೆಗೆ ಹೋಗಿಬರುತ್ತಾರೆ. 2023ರಲ್ಲಿ ಸುಡಾನಿನ ಕಾದಾಟದಲ್ಲಿ ಸಿಕ್ಕಿಬಿದ್ದಾಗ ದೇಶವೆಲ್ಲ ಅವರ ಹೆಸರು ಕೇಳಿತು. ಅವರಿಂದ ಹಕ್ಕಿಯ ಮಾತು ಕೇಳಿದವರು ಎಷ್ಟು ಜನ?

ಬೇರೆ ದಾರಿ ಇರಲಿಲ್ಲವೆಂದಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಲ್ಲಿ ಸಲೀಂ ಅಲಿಯವರು ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ನಡೆಸಿದಾಗ, ಬಿಹಾರದ ಮೀರ್‌ಶಿಕಾರರೆಂಬ ಹಕ್ಕಿಬೇಟೆಗಾರರನ್ನೇ ಅದಕ್ಕೆ ಸೇರಿಸಿಕೊಳ್ಳಲಾಯಿತು. ಅವರಲ್ಲೊಬ್ಬರಾದ ಅಲಿ ಹುಸೇನ್, ಹಕ್ಕಿಗೆ ಪೆಟ್ಟಾಗದಂತೆ ಹಿಡಿಯುವ ಕೌಶಲಕ್ಕೆ ಹೆಸರಾದರು. ಅವರ ಕೈಚಳಕವನ್ನು ಪಾಪವೆಂದು ಬದಿಗಿಡದೆ ವಿದ್ಯೆಯೆಂದು ಬಳಸಿಕೊಂಡದ್ದು ದೊಡ್ಡತನ. ನಮ್ಮ ಗುಂಪುಗಳು ಅಂಗಡಿಹಳ್ಳಿಯ ಹಿರಿಯರೊಬ್ಬರನ್ನು ಮುಂದೆ ನಡೆಯಲು ಕೇಳಿಕೊಳ್ಳಬಹುದು. ಹಳೆಯದನ್ನು ಕೆದಕುವುದು ಬೇಡ ಎಂದು ಅವರು ಒಲ್ಲೆನೆಂದರೆ, ಆ ಮಾತಿಗೂ ಬೆಲೆ ಕೊಡಬೇಕು.

ಎಲ್ಲವನ್ನೂ ಎಲ್ಲರಿಗೂ ಬಿಚ್ಚಿ ಹೇಳಬೇಕೆಂದು ನಾನು ಹೇಳುತ್ತಿಲ್ಲ. ಟಿಟ್ಟಿಭ ಬಯಲು ನೆಲದ ಮೇಲೇ ಮೊಟ್ಟೆಯಿಡುತ್ತದೆ. ಕ್ಯಾಮೆರಾ ಹಿಡಿದವರು ಸುತ್ತುವರಿದರೆ ತಾಯಿ ಎದ್ದುಹೋಗುತ್ತದೆ, ಮೊಟ್ಟೆ ಬಿಸಿಲಿಗೆ ಕೆಡುತ್ತದೆ. ಗೂಡಿನ ಜಾಗ ಗುಟ್ಟಾಗಿಯೇ ಇರಲಿ. ಆದರೆ ಗುಟ್ಟೇಕೆ ಎಂಬುದನ್ನು ಹೊಸಬರಿಗೆ ಮೊದಲ ದಿನವೇ ತಿಳಿಸಬೇಕು. ಹೇಳದಿದ್ದರೆ ಹಳಬರು ತಮ್ಮೊಳಗೇ ಪಿಸುಗುಟ್ಟುತ್ತಾರೆ, ಉಳಿದವರು ತಾವು ಹೊರಗಿನವರೆಂದುಕೊಳ್ಳುತ್ತಾರೆ.

ಇನ್ನು ಹಿನ್ನೀರಿನ ಜನ. ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಹೊಲಗಳ ಮೇಲೆ ನೀರು ನಿಂತಿತು, ಹಳ್ಳಿಗಳು ಎದ್ದು ಹೋದವು. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೆ ಬರುವ ಶೆಟ್ಟಿಹಳ್ಳಿಯ ಚರ್ಚಿನ ಚಿತ್ರ ಎಲ್ಲರ ಮೊಬೈಲಿನಲ್ಲೂ ಇದೆ. ನಾವು ಹಕ್ಕಿಗಳ ಸ್ವರ್ಗ ಎಂದು ಹೊಗಳುವ ಆ ನೀರಿನ ಕೆಳಗೆ ಯಾರದೋ ರಾಗಿ ಹೊಲ ಇತ್ತು. ಅಲ್ಲಿ ದಿನವೂ ತೆಪ್ಪ ಹಾಕಿ ಬಲೆ ಬಿಡುವವರಿಗೆ, ಯಾವ ತಿಂಗಳು ಯಾವ ಹಕ್ಕಿ ಎಲ್ಲಿ ಇಳಿಯುತ್ತದೆಂಬುದು ಭಾನುವಾರ ಬಂದು ಹೋಗುವ ನಮಗಿಂತ ಚೆನ್ನಾಗಿ ಗೊತ್ತು. ದಡದಲ್ಲಿ ಅವರು ಕಂಡರೆ 'ಸ್ವಲ್ಪ ಆಚೆ ಹೋಗಪ್ಪ, ಹಕ್ಕಿ ಹಾರಿಹೋಗ್ತದೆ' ಎನ್ನುವ ಬದಲು 'ಅಣ್ಣಾ, ಈ ಸಲ ಹೆಬ್ಬಾತು ಬಂದವಾ?' ಎಂದು ಕೇಳೋಣ. ಜನವರಿಯ ನೀರುಹಕ್ಕಿ ಗಣತಿಗೆ ಅವರ ತೆಪ್ಪದಲ್ಲಿ ಹೋದರೆ ಆ ದಿನದ ಕೂಲಿ ಕೊಡೋಣ, ನೋಡಿದವರ ಪಟ್ಟಿಯಲ್ಲಿ ನಮ್ಮ ಹೆಸರಿನ ಜೊತೆಗೇ ಅವರ ಹೆಸರನ್ನೂ ಬರೆಯೋಣ.