ಆತ್ಮಸಾಕ್ಷಿಯ ಬೆಲೆ

ಕೊಟ್ಟ ಮಾತನ್ನು ಆತ್ಮಸಾಕ್ಷಿಯ ಹೆಸರಿನಲ್ಲಿ ಮುರಿಯಬಹುದೆ? ದಾವಣಗೆರೆಯ ಮಂಡಿಪೇಟೆಯಲ್ಲಿ ಕೇಳಿದರೆ ಉತ್ತರ ತಡವಾಗದು. ಮಾತಾದ ಮೇಲೆ ಧಾರಣೆ ಇಳಿದರೆ ನಷ್ಟ ಕೊಳ್ಳುವೆನೆಂದವನದು. ಮಾತು ತಪ್ಪುವುದಾದರೆ ದಂಡವೂ ಅವನದೇ. ರಾಜಕಾರಣಕ್ಕೆ ಮಾತ್ರ ಈ ಲೆಕ್ಕ ಸಲ್ಲದೆಂಬಂತೆ ನಾವು ನಡೆದುಕೊಳ್ಳುತ್ತೇವೆ.

1969ರಲ್ಲಿ ಈ ಪ್ರಶ್ನೆ ಇಡೀ ದೇಶವನ್ನೇ ಕಾಡಿತು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ಎಸ್. ನಿಜಲಿಂಗಪ್ಪನವರು, ದಾವಣಗೆರೆ, ಹರಿಹರಗಳೆರಡೂ ಅಂದು ಅವರ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದವು. ರಾಷ್ಟ್ರಪತಿ ಸ್ಥಾನಕ್ಕೆ ಪಕ್ಷ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಅವರ ನಾಮಪತ್ರಕ್ಕೆ ಪ್ರಧಾನಿ ಇಂದಿರಾ ಗಾಂಧಿಯವರೇ ಸಹಿ ಹಾಕಿದರು. ಅನಂತರ ಆತ್ಮಸಾಕ್ಷಿಯಂತೆ ಮತ ನೀಡಿರೆಂಬ ಕರೆ ಅವರಿಂದಲೇ ಹೊರಟಿತು. ಆಗಸ್ಟ್‌ನಲ್ಲಿ ವಿ. ವಿ. ಗಿರಿಯವರು ಗೆದ್ದರು. ನವೆಂಬರ್ 12ರಂದು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಲಾಯಿತು, ಪಕ್ಷ ಎರಡಾಯಿತು.

ನಾನು ಹಳೆಯ ಕಟ್ಟುಪಾಡುಗಳನ್ನು ಸುಲಭವಾಗಿ ಬಿಟ್ಟುಕೊಡುವವನಲ್ಲ. ಆದರೂ ಮನುಷ್ಯನ ಅಂತರಂಗಕ್ಕೆ ಪಕ್ಷವು ಬೀಗ ಹಾಕಬೇಕೆನ್ನಲಾರೆ. ಸಂಪ್ರದಾಯವಾದಿಗಳಿಗೆ ಗುರುವೆನಿಸಿದ ಎಡ್ಮಂಡ್ ಬರ್ಕನೇ, 1774ರಲ್ಲಿ ಬ್ರಿಸ್ಟಲ್ ನಗರದಿಂದ ಆರಿಸಿಬಂದಾಗ, ನಿಮ್ಮ ಅಪ್ಪಣೆಗಾಗಿ ನನ್ನ ವಿವೇಚನೆಯನ್ನು ಬಲಿಗೊಡಲಾರೆನೆಂಬ ಅರ್ಥದ ಮಾತನ್ನು ಮತದಾರರೆದುರಿಗೇ ಆಡಿದ. 1780ರಲ್ಲಿ ಆ ಊರಿನ ಬೆಂಬಲ ಉಳಿದಿಲ್ಲವೆಂದು ಕಂಡು ಕಣದಿಂದ ಸರಿದ. ಅವನ ಸ್ವಾತಂತ್ರ್ಯಕ್ಕೆ ಒಂದು ಬೆಲೆಯಿತ್ತು. ಅದನ್ನು ಅವನು ತೆತ್ತ.

ಆತ್ಮಸಾಕ್ಷಿ ಯಾವುದು, ಅನುಕೂಲ ಯಾವುದು ಎಂಬುದು ತಿಳಿಯುವುದು ಇಲ್ಲಿಯೇ. ಸಹಿ ಹಾಕಿದ ಕೈ ಸಹಿಯನ್ನು ಅಲ್ಲಗಳೆಯುವುದಾದರೆ, ಪಕ್ಷ ಕೊಟ್ಟ ಅಧಿಕಾರವನ್ನು ಮೊದಲು ಕೆಳಗಿಡಬೇಕಾಗಿತ್ತು. 1971ರಲ್ಲಿ ಜನರೇ ಅವರನ್ನು ಗೆಲ್ಲಿಸಲಿಲ್ಲವೆ, ಎನ್ನಬಹುದು. ಗೆಲುವು ಜನಪ್ರೀತಿಗೆ ಸಾಕ್ಷಿ, ಕೊಟ್ಟ ಮಾತಿಗಲ್ಲ. ಹಾಗೆಂದು ಹಿರಿಯರ ಬಣವೂ ಈ ತಕ್ಕಡಿಯಿಂದ ಹೊರಗಿಲ್ಲ. ರೆಡ್ಡಿಯವರಿಗಾಗಿ ನಿಜಲಿಂಗಪ್ಪನವರು ಸ್ವತಂತ್ರ ಪಕ್ಷ ಮತ್ತು ಜನಸಂಘಗಳ ನಾಯಕರೊಡನೆ ಮಾತುಕತೆ ನಡೆಸಿದರು. ಪಕ್ಷನಿಷ್ಠೆಯನ್ನು ಕೇಳುವವರಿಗೆ ಅದು ಒಪ್ಪುವ ನಡೆಯಾಗಿರಲಿಲ್ಲ.

ಭಿನ್ನಾಭಿಪ್ರಾಯವೇ ಪಾಪವೆಂದು ನಮ್ಮ ಸೀಮೆ ಎಂದೂ ಬಗೆದಿಲ್ಲ. ಹೊಯ್ಸಳರ ಕಾಲದಲ್ಲಿ, 1224ರಲ್ಲಿ, ಪೋಲಾಳ್ವ ದಂಡನಾಥ ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ. ಒಬ್ಬರೊಳಗೆ ಇನ್ನೊಬ್ಬರು ಕರಗಿಲ್ಲ. ಒಬ್ಬರನ್ನೊಬ್ಬರು ವಂಚಿಸಿಯೂ ಇಲ್ಲ.

1985ರಲ್ಲಿ ಪಕ್ಷಾಂತರ ನಿಷೇಧದ ಕಾನೂನು ಬಂತು. 2019ರಲ್ಲಿ ನಮ್ಮ ವಿಧಾನಸಭೆಯ 17 ಮಂದಿ ಅನರ್ಹರಾದರು. ಅವರಲ್ಲಿ ಹಲವರು ಉಪಚುನಾವಣೆಯಲ್ಲಿ ಹೊಸ ಪಕ್ಷದಿಂದ ಗೆದ್ದು ಮಂತ್ರಿಗಳೂ ಆದರು. ಅವರು ಬಿಟ್ಟ ಸ್ಥಾನ ಆತ್ಮಸಾಕ್ಷಿಗೆ ತೆತ್ತ ಬೆಲೆಯೋ, ಮುಂದಿನ ಲಾಭಕ್ಕೆ ಹಾಕಿದ ಬಂಡವಾಳವೋ? ಕಾನೂನು ತಲೆಗಳನ್ನು ಎಣಿಸಬಲ್ಲದು, ಅಂತರಂಗವನ್ನು ತೂಗಲಾರದು. ಆ ತೂಕದ ಕೆಲಸ ಮತದಾರರಾದ ನಮ್ಮದು. ಆತ್ಮಸಾಕ್ಷಿಯ ಮಾತೆತ್ತಿದವರನ್ನು ನಾವು ಕೇಳಬೇಕಾದುದು ಒಂದೇ ಪ್ರಶ್ನೆ: ಇದರಿಂದ ನೀವು ಕಳೆದುಕೊಂಡಿದ್ದೇನು?