ಪತ್ರೆ ಕೊಯ್ಯುವ ಕೈ

ಪ್ರಾತಃಕಾಲದ ಲಿಂಗಪೂಜೆಗೆ ಬಿಲ್ವಪತ್ರೆಯನ್ನು ತರುವ ಸೇವೆಯು ಮಠದ ಶಾಲೆಗಳಲ್ಲಿ ಬಹುಮಟ್ಟಿಗೆ ಕಿರಿಯ ಮಕ್ಕಳ ಪಾಲಿಗೆ ಬರುವುದು. ಬುಟ್ಟಿ ಹಿಡಿದು ಮರದೆಡೆಗೆ ಓಡುವ ಎಂಟು ವರುಷದ ಬಾಲಕನು ಪತ್ರೆಯನ್ನು ಒಂದೊಂದಾಗಿ ಬಿಡಿಸುವನೆ? ಕೈಗೆಟುಕಿದ ಕೊಂಬೆಯನ್ನು ಜಗ್ಗುವನು, ಮುರಿಯುವನು. ಬುಟ್ಟಿ ತುಂಬಿ ಚೆಲ್ಲುವಂತೆ ತಂದು ಹಿರಿಯರ ಮುಂದಿಟ್ಟು ಮೆಚ್ಚುಗೆಗಾಗಿ ಮುಖ ನೋಡುವನು. ಹಿರಿಯರೂ ಮೆಚ್ಚುವರು. ಪೂಜೆಗೆ ಬೇಕಾದುದು ಒಂದು ಹಿಡಿ. ಉಳಿದುದು ಬಾಡಿ ತಿಪ್ಪೆ ಸೇರುವುದು. ಅಂದು ಆ ಮಗುವಿಗೆ ದೊರೆತ ಪಾಠವು ಯಾವುದು? ದೇವರ ಹೆಸರಿನಲ್ಲಿ ಎಷ್ಟು ಕಿತ್ತರೂ ಪುಣ್ಯವೆಂಬುದು. ಈ ಪಾಠವನ್ನು ಕಲಿತ ಕೈಯೇ ಮುಂದೆ ಬಲಿತು ಹೊಳೆಯ ಮರಳನ್ನೂ ಗುಡ್ಡದ ಕಲ್ಲನ್ನೂ ಬಾಚಿದರೆ ಅಚ್ಚರಿಪಡಲು ಕಾರಣವಿಲ್ಲ.

ಪೂಜಾವಿಧಿಯಾದರೋ ಈ ವಿಷಯದಲ್ಲಿ ಜನರು ತಿಳಿದಿರುವುದಕ್ಕಿಂತ ಬಹಳ ಮಿತವಾದುದು. ಏರಿಸಿದ ಹೂವು ನಿರ್ಮಾಲ್ಯವಾಗುವುದು. ಬಿಲ್ವವು ಹಾಗಲ್ಲ, ತೊಳೆದು ಮತ್ತೆ ಮತ್ತೆ ಅರ್ಪಿಸಬಹುದೆಂದು ಸಂಪ್ರದಾಯವು ಒಪ್ಪಿದೆ. ಬೇಸಗೆಯಲ್ಲಿ ಆ ಮರವು ಎಲೆಯುದುರಿಸಿ ಬರಿದಾಗಿ ನಿಲ್ಲುವುದನ್ನು ಬಲ್ಲ ಪೂರ್ವಿಕರು ಮಾಡಿದ ಏರ್ಪಾಡು ಇದೆಂದು ತೋರುವುದು. ಹುಳು ಮುಟ್ಟಿದ ಎಲೆಯು ಪೂಜೆಗೆ ಸಲ್ಲದೆಂಬ ನಿಯಮವೂ ಉಂಟು. ಅದರ ಮಾತು ಮುಂದೆ ಬರುವುದು.

ಮಿತಿಯನ್ನು ಮಕ್ಕಳಿಗೆ ಕಲಿಸಲು ಆಯ್ದಕ್ಕಿ ಲಕ್ಕಮ್ಮನ ಕಥೆಗಿಂತ ಮಿಗಿಲಾದುದು ಬೇರೊಂದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಕೆಯ ಪತಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವನ್ನಾಗಿ ಮಾಡಿಕೊಂಡಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಿತು. ಬಸವಣ್ಣನವರೇ ಪರೀಕ್ಷಾರ್ಥವಾಗಿ ಚೆಲ್ಲಿಸಿದ್ದರೆಂದು ಹೇಳುವುದುಂಟು. ಲಕ್ಕಮ್ಮನು ಅದನ್ನು ಕಂಡು ಹಿಗ್ಗಲಿಲ್ಲ. ದಿನದ ಅಳತೆಗೆ ಮೀರಿದುದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿದಳು. ಅದು ಕದ್ದ ಅಕ್ಕಿಯಲ್ಲ. ಯಾರೂ ಕೇಳುವವರಿಲ್ಲದ, ನೆಲದ ಮೇಲೆ ಬಿದ್ದ ಅಕ್ಕಿ. ಕಥೆಯ ಮರ್ಮವಿರುವುದು ಇಲ್ಲಿಯೇ. ಕಳವು ತಪ್ಪೆಂದು ಮಗುವಿಗೆ ಯಾರಾದರೂ ಹೇಳಿಯಾರು. ಒಡೆಯನಿಲ್ಲದ ವಸ್ತುವಿಗೂ ಒಂದು ಅಳತೆಯುಂಟೆಂದು ಹೇಳುವವರು ವಿರಳ. ಕೆರೆಯ ನೀರು, ಗೋಮಾಳದ ಹುಲ್ಲು, ನೆಲದಡಿಯ ಜಲ, ಕಾಡಿನ ಸೌದೆ, ಇವೆಲ್ಲವೂ ಚೆಲ್ಲಿದ ಅಕ್ಕಿಯಲ್ಲದೆ ಮತ್ತೇನು?

ಕಥೆ ಕೇಳಿದ ಮಗುವು ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುವುದು: ಹಿಂದಕ್ಕೆ ಸುರಿದ ಅಕ್ಕಿ ಏನಾಯಿತು? ಬೋಧಕನು ಇದನ್ನು ಹಾರಿಸಿ ಮುಂದೆ ಹೋಗಲಾಗದು. ಅಕ್ಕಿಯು ಲಕ್ಕಮ್ಮನ ಮನೆಗೆ ಬಾರದಿದ್ದರೆ ಮತ್ತೊಬ್ಬರ ದಾಸೋಹಕ್ಕೆ ಒದಗುವುದು. ಹಾಗಾದರೆ ಕೊಯ್ಯದೆ ಬಿಟ್ಟ ಪತ್ರೆಯು ಯಾರ ದಾಸೋಹಕ್ಕೆ?

ಇದಕ್ಕೆ ಉತ್ತರವನ್ನು ಬಾಯಿಂದ ಹೇಳುವುದಕ್ಕಿಂತ ಮಕ್ಕಳನ್ನು ಮರದ ಬಳಿಗೆ ಕರೆದೊಯ್ಯುವುದೇ ಲೇಸು. ಬಿಲ್ವವು ನಿಂಬೆ, ಕರಿಬೇವುಗಳ ಕುಲಕ್ಕೆ ಸೇರಿದ ವೃಕ್ಷ. ಕಪ್ಪು ರೆಕ್ಕೆಯ ಮೇಲೆ ತಿಳಿಹಳದಿ ಚುಕ್ಕೆಗಳುಳ್ಳ ನಿಂಬೆಚಿಟ್ಟೆಯು ಈ ಕುಲದ ಗಿಡಗಳನ್ನೇ ಹುಡುಕಿ ಎಳೆಯ ಎಲೆಯ ಮೇಲೆ ಸಾಸಿವೆಗಿಂತ ಕಿರಿದಾದ ಮೊಟ್ಟೆಗಳನ್ನು ಒಂದೊಂದಾಗಿ ಇಡುವುದು. ಹೊರಬಂದ ಮರಿಹುಳುವು ಹಕ್ಕಿಯ ಹಿಕ್ಕೆಯಂತೆ ಕಾಣುವುದರಿಂದ ಹಕ್ಕಿಯೇ ಅದನ್ನು ಬಿಟ್ಟು ಹೋಗುವುದು. ಬೆಳೆದ ಬಳಿಕ ಎಲೆಯ ಹಸುರನ್ನೇ ಹೊದ್ದು ಎಲೆಗಳ ನಡುವೆ ಮರೆಯಾಗುವುದು. ಹುಲ್ಲುಕಡ್ಡಿಯಿಂದ ಮೆಲ್ಲನೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದನ್ನು ಹೊರಚಾಚಿ ಕಟುವಾದ ವಾಸನೆಯನ್ನು ಬೀರುವುದು. ಇದನ್ನು ಒಮ್ಮೆ ಕಂಡ ಮಗುವು ಅದನ್ನು ಜನ್ಮದಲ್ಲಿ ಮರೆಯಲಾರದು. ಅನಂತರ ಅದು ಕಡ್ಡಿಗೆ ನೂಲಿನ ನಡುಕಟ್ಟು ಬಿಗಿದುಕೊಂಡು ಕೋಶವಾಗಿ ನಿಲ್ಲುವುದು. ಮೊಟ್ಟೆಯಿಂದ ರೆಕ್ಕೆಯವರೆಗಿನ ಈ ಯಾತ್ರೆಯು ಸುಮಾರು ಒಂದು ತಿಂಗಳಿನಲ್ಲಿ ಮುಗಿಯುವುದು. ಬಾಲಕರ ತಾಳ್ಮೆಗೆ ಎಟುಕುವ ಕಾಲವಿದು.

ಹುಳು ಮುಟ್ಟಿದ ಎಲೆಯು ಪೂಜೆಗೆ ಸಲ್ಲದೆಂಬ ನಿಯಮದ ಇನ್ನೊಂದು ಮುಖವು ಈಗ ಮಗುವಿಗೆ ಕಾಣುವುದು: ಆ ಎಲೆಯು ಆಗಲೇ ಸಲ್ಲಬೇಕಾದಲ್ಲಿಗೆ ಸಂದಿದೆ. ಜಂಗಮ ಶಬ್ದಕ್ಕೆ ಚಲಿಸುವುದೆಂಬ ಅರ್ಥವಿದ್ದ ಮಾತ್ರಕ್ಕೆ ಹುಳುವೇ ಜಂಗಮವೆಂದರೆ ತತ್ತ್ವಕ್ಕೆ ಅಪಚಾರವಾದೀತು. ಆದರೆ ನಾಳೆ ಜಂಗಮಕ್ಕೆ ನೀಡಬೇಕಾದ ಕೈಯು ಇಂದು ಹುಳುವಿಗೆಂದು ಎಲೆಯನ್ನು ಬಿಟ್ಟುಕೊಟ್ಟು ಅಭ್ಯಾಸಮಾಡಿದರೆ ದೋಷವೇನೂ ಇಲ್ಲ. ಇದೇ ಹುಳುವು ನಿಂಬೆಯ ಎಳೆಸಸಿಯನ್ನು ಬೋಳಿಸುವುದೂ ಉಂಟು. ಒಕ್ಕಲಮಗನು ಎದ್ದು ಈ ಮಾತನ್ನು ಆಡಿದರೆ ಗುರುವು ಅಲ್ಲಗಳೆಯಬಾರದು. ಆತನು ಗಿಡವನ್ನು ನೋಡಿ ಬಲ್ಲವನು, ಉಳಿದವರು ಪುಸ್ತಕದಲ್ಲಿ ಓದಿದವರು.

ಪುಸ್ತಕಗಳಿಗೇನೂ ಕೊರತೆಯಿಲ್ಲ. 1976ರ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಅರಣ್ಯ, ಸರೋವರ, ನದಿಗಳ ರಕ್ಷಣೆಯೊಡನೆ ಜೀವಿಗಳಲ್ಲಿ ದಯೆಯೂ ಒಂದಾಗಿದೆ. ಕಾನೂನಿನ ಗ್ರಂಥದಲ್ಲಿ ದಯೆಯೆಂಬ ಮಾತು ಬಂದುದು ಶರಣರ ನಾಡಿಗೆ ಸಂತೋಷದ ಸಂಗತಿ. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಬೋಧಿಸಬೇಕೆಂದು ವಿಧಿಸಿತು. ಮಕ್ಕಳು ಪರಿಸರ ಅಧ್ಯಯನವನ್ನು ಓದುತ್ತಾರೆ, ಹುಲಿಯ ಚಿತ್ರಕ್ಕೆ ಬಣ್ಣ ತುಂಬುತ್ತಾರೆ, ಅಂಕಗಳನ್ನೂ ಗಳಿಸುತ್ತಾರೆ. ಶಾಲೆಯ ಅಂಗಳದ ಮರದ ಹೆಸರನ್ನು ಕೇಳಿದರೆ ಎಷ್ಟೋ ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ.

ವಿಶ್ವಸಂಸ್ಥೆಯು 1972ರಲ್ಲಿ ಗೊತ್ತುಮಾಡಿದ ಪರಿಸರ ದಿನವು ಜೂನ್ 5ರಂದು ಬರುವುದು. ಅಂದು ಸಸಿ ನೆಡುವ ಸಡಗರಕ್ಕೆ ಮಿತಿಯಿಲ್ಲ. ಮಳೆಯ ನಾಲ್ಕು ತಿಂಗಳು ಸಸಿಯು ತಾನಾಗಿಯೇ ನಿಲ್ಲುವುದು. ಅದರ ಅಳಿವು ಉಳಿವು ಗೊತ್ತಾಗುವುದು ಏಪ್ರಿಲ್ ಮೇ ತಿಂಗಳುಗಳಲ್ಲಿ, ಶಾಲೆಗೆ ಬೀಗ ಬಿದ್ದಿರುವಾಗ. ಮರುವರುಷ ಒಣಗಿದ ಕಡ್ಡಿಯನ್ನು ಕಿತ್ತು ಅದೇ ಗುಂಡಿಯಲ್ಲಿ ಹೊಸ ಸಸಿಯನ್ನು ಇಟ್ಟು ಚಪ್ಪಾಳೆ ತಟ್ಟಿಸುವ ಶಾಲೆಗಳೂ ಉಂಟು. ಅಲ್ಲಿ ನಿಂತು ನೋಡುವ ಮಗುವು ಡಾಂಭಿಕ ಪೂಜೆಯೆಂದರೇನೆಂಬುದನ್ನು ಬೇರೆ ಪಾಠವಿಲ್ಲದೆಯೇ ಕಲಿಯುವುದು.

ಮಾಗಡಿ ಸೀಮೆಯ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ಕೂಲಿ ಮಾಡಿ ಬದುಕಿದವರು. 2019ರಲ್ಲಿ ಪದ್ಮಶ್ರೀ ಅವರನ್ನು ಅರಸಿ ಬಂದಿತು. 2025ರ ನವೆಂಬರ್ ತಿಂಗಳಿನಲ್ಲಿ ಅವರು ಲಿಂಗೈಕ್ಯರಾದಾಗ ನಾಡೇ ಮರುಗಿತು. ಹುಲಿಕಲ್ಲಿನಿಂದ ಕುದೂರಿನ ಹಾದಿಯಲ್ಲಿ ಅವರು ಪತಿ ಚಿಕ್ಕಯ್ಯನವರೊಡನೆ ಬೆಳೆಸಿದ ಆಲದ ಮರಗಳು 385 ಎಂದು ಎಲ್ಲರೂ ಬಲ್ಲರು. ಮಕ್ಕಳಿಗೆ ಹೇಳಬೇಕಾದುದು ಆ ದೊಡ್ಡ ಸಂಖ್ಯೆಯನ್ನಲ್ಲ. ಮೊದಲ ವರುಷ ಅವರು ನೆಟ್ಟುದು ಹತ್ತೇ ಸಸಿ. ಕೊಡಗಳಲ್ಲಿ ನೀರು ಹೊತ್ತು ಎರೆದರು, ದನಕರುಗಳು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಹೊರಬಲ್ಲ ನೀರಿಗೆ ತಕ್ಕಷ್ಟೇ ಸಸಿ. ಇದು ಲಕ್ಕಮ್ಮನ ಅಳತೆಯೇ ಸರಿ. ಆಕೆ ಕೊಳ್ಳುವುದರಲ್ಲಿ ಇಟ್ಟುದನ್ನು ಈಕೆ ಕೊಡುವುದರಲ್ಲಿ ಇಟ್ಟರು.

ಆದುದರಿಂದ ಐವತ್ತು ಮಕ್ಕಳ ಶಾಲೆಯಲ್ಲಿ ನೂರು ಸಸಿಗಳನ್ನು ನೆಡಿಸುವುದಕ್ಕಿಂತ ಹತ್ತನ್ನು ನೆಡಿಸಿ ಐದೈದು ಮಕ್ಕಳಿಗೆ ಒಂದೊಂದನ್ನು ಒಪ್ಪಿಸುವುದು ಉಚಿತ. ಪಂಕ್ತಿಯಲ್ಲಿ ಉಂಡೆದ್ದವರು ಕೈತೊಳೆದ ನೀರು ಕಾಲುವೆಯಲ್ಲಿ ಹರಿದು ಆ ಸಸಿಗಳ ಬುಡವನ್ನು ಸೇರುವಂತೆ ಮಾಡಬಹುದು. ಬೇಸಗೆಯ ರಜೆಗೆ ಊರಿಗೆ ಹೊರಡುವ ಬಾಲಕನನ್ನು ಗುರುವು ಬಾಗಿಲಲ್ಲಿ ನಿಲ್ಲಿಸಿ, ನಿನ್ನ ಸಸಿಯನ್ನು ಯಾರ ವಶಕ್ಕೆ ಕೊಟ್ಟಿರುವೆ ಎಂದು ಕೇಳಬೇಕು. ಅವನು ಹೇಳಿದ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ರಜೆ ಮುಗಿದ ಮೊದಲ ದಿನ ಅವನೊಡನೆ ಹೋಗಿ ಸಸಿಯನ್ನು ನೋಡಬೇಕು.